ಮಕ್ಕಳ ಪೋಷಣೆಯ ಹೊಣೆ: ಮುಗಿಯುವುದು ಎಂದು, ಮುಗಿಸುವುದು ಹೇಗೆ?



ಕಳೆದ ಶ್ರಾವಣ ಮಾಸದ ಒಂದು ಸಂಜೆ. ಪುರಾಣ ಪ್ರವಚನ ಮುಗಿದು, ಭಕ್ತರೆಲ್ಲರೂ ಪ್ರಸಾದ ಸ್ವೀಕರಿಸಿ ಮನೆಗಳಿಗೆ ತೆರಳಿದ್ದರು. ನಾವು ಮಠದ ಜಗಲಿಯ ಮೇಲೆ ಕುಳಿತಿದ್ದೆವು. ಆಗ ೧೯ ವರ್ಷದ ಹೆಣ್ಣುಮಗಳೊಬ್ಬಳು ತನ್ನ ತಾಯಿಯನ್ನು ಕರೆದುಕೊಂಡು ಬಂದು, ಶರಣು ಮಾಡಿ, ಮಡಿಕೆಗಳಲ್ಲಿ ಸವೆದಿದ್ದ ಒಂದು ಛಾಪಾ ಕಾಗದವನ್ನು ನಮ್ಮ ಮುಂದಿಟ್ಟಳು.

ಕಾಗದ ೧೫ ವರ್ಷ ಹಳೆಯದು. ಅದನ್ನು ಬರೆಯಿಸಿದವರಲ್ಲಿ ನಾವೂ ಒಬ್ಬರು. ಆ ತಾಯಿಗೂ ಆಕೆಯ ಗಂಡನಿಗೂ ಹೊಂದಿಕೆಯಾಗದೆ, ಎರಡೂ ಕಡೆಯ ಹಿರಿಯರು ಮಠದಲ್ಲಿ ಕೂಡಿ ಮಾತಾಡಿ, ಇಬ್ಬರೂ ಬೇರೆಯಾಗುವುದೆಂದು ನಿಶ್ಚಯಿಸಿದ್ದರು. ಗಂಡನು ಒಂದು ಮೊತ್ತವನ್ನು ಒಮ್ಮೆಲೇ ಕೊಡುವುದು; ಅಲ್ಲಿಂದ ಮುಂದೆ ಹೆಂಡತಿಗಾಗಲಿ ಮಗುವಿಗಾಗಲಿ ಅವನ ಮೇಲೆ ಯಾವ ಹಕ್ಕೂ ಇಲ್ಲ; ಇದೇ ಆ ಕಾಗದದ ಸಾರ. ಮುಂದೆ ಅವರು ನ್ಯಾಯಾಲಯದಿಂದ ವಿಚ್ಛೇದನದ ಡಿಕ್ರಿಯನ್ನೂ ಪಡೆದರು. ಗಂಡನು ಮರುಮದುವೆಯಾದನು. ತಾಯಿ ಹೊಲಿಗೆಯ ಕೆಲಸದಿಂದ ಮಗಳನ್ನು ಬೆಳೆಸಿದಳು. ಈಗ ಮಗಳಿಗೆ ನರ್ಸಿಂಗ್ ಪದವಿಗೆ ಸೀಟು ದೊರೆತಿತ್ತು. ನಾಲ್ಕು ವರ್ಷದ ಓದು. ಶುಲ್ಕಕ್ಕಾಗಿ ತಂದೆಯ ಬಳಿಗೆ ಹೋದರೆ, ಆತನು ತನ್ನ ಪ್ರತಿಯನ್ನು ತೆಗೆದು ತೋರಿಸಿ ಕಳುಹಿಸಿದ್ದನು.

ಆ ಹುಡುಗಿ ಕಾಗದದ ಕೊನೆಯ ಪುಟವನ್ನು ತೆರೆದು ಹೀಗೆ ಕೇಳಿದಳು: "ಗುರುಗಳ, ಇದರಾಗ ಅವ್ವನ ಸಹಿ ಐತಿ, ಅಪ್ಪನ ಸಹಿ ಐತಿ, ಸಾಕ್ಷಿ ಅಂತ ನಿಮ್ಮ ಸಹಿನೂ ಐತಿ. ಮಗಳ ಹಕ್ಕು ಮುಗೀತು ಅಂತ ಬರದೈತಿ. ನನ್ನ ಸಹಿ ಎಲ್ಲೈತ್ರಿ?"

ಆ ಕಾಗದ ಬರೆದಾಗ ಅವಳಿಗೆ ನಾಲ್ಕು ವರ್ಷ. ತಾಯಿಯ ಮಡಿಲಲ್ಲಿ ನಿದ್ರಿಸುತ್ತಿದ್ದಳೆಂದು ನಮಗೆ ನೆನಪು. ವ್ಯಾಕರಣ, ತರ್ಕಗಳನ್ನು ಮಠದ ಪಾಠಶಾಲೆಯಲ್ಲಿ ಹತ್ತಾರು ವರ್ಷ ಓದಿದ ನಮಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ವಕೀಲರಾದ ಇಬ್ಬರು ಭಕ್ತರನ್ನು ಕರೆಯಿಸಿ, ಅವರೊಡನೆ ಕುಳಿತು ಕಾಯಿದೆಗಳನ್ನು ಓದಿದೆವು. ಹಾಗೆ ಓದಿ ತಿಳಿದುದನ್ನು ನಮ್ಮ ಮನೆಮನೆಗಳಿಗೂ ತಿಳಿಸುವುದು ಕರ್ತವ್ಯವೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಹೊಣೆ ಸಲ್ಲುವುದು ಯಾರಿಗೆ?

ಮೊದಲು ತಿಳಿಯಬೇಕಾದುದು ಇದು: ಮಗುವಿನ ಪೋಷಣೆ ಗಂಡನು ಹೆಂಡತಿಗೆ ತೀರಿಸುವ ಸಾಲವಲ್ಲ. ಹೆತ್ತವರು ಮಗುವಿಗೆ ಸಲ್ಲಿಸಬೇಕಾದ ಹೊಣೆ ಅದು. ಹಣವು ತಾಯಿಯ ಕೈಗೆ ಬರಬಹುದು; ಆದರೆ ಅದು ಮಗುವಿನ ಹಣ.

ಈ ವಿಚಾರ ನಮ್ಮ ನಾಡಿಗೆ ಹೊಸತಲ್ಲ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ನಮ್ಮ ಕಲ್ಯಾಣ ಪಟ್ಟಣದಲ್ಲಿಯೇ ಇದ್ದು ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಶತಮಾನಗಳ ಕಾಲ ದೇಶದ ಬಹುಭಾಗದಲ್ಲಿ ಆಸ್ತಿ, ದಾಯಭಾಗಗಳ ವ್ಯಾಜ್ಯಗಳು ಅದರಂತೆ ತೀರ್ಮಾನವಾದವು. ಆ ಪರಂಪರೆಯಲ್ಲಿ ಎಳೆಯ ಮಕ್ಕಳನ್ನು ಸಾಕುವುದು ತಂದೆಯ ಸ್ವಂತ ಹೊಣೆ. ಪಿತ್ರಾರ್ಜಿತ ಆಸ್ತಿ ಇರಲಿ, ಇಲ್ಲದಿರಲಿ, ದುಡಿದು ಸಾಕಬೇಕು.

ಇಂದು ನಮಗೆ ಅನ್ವಯಿಸುವುದು ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ. ಅದರ ಎರಡನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಬರೆದು, ಈ ಕಾಯಿದೆ ಅವರಿಗೂ ಅನ್ವಯವೆಂದು ಹೇಳಿದೆ. ಆದುದರಿಂದ "ಅದು ನಮಗೆ ಸಂಬಂಧಿಸಿದ್ದಲ್ಲ" ಎನ್ನುವಂತಿಲ್ಲ. ಇದರ ೨೦ನೆಯ ಕಲಮಿನಂತೆ ತಂದೆ ಮಾತ್ರವಲ್ಲ, ತಾಯಿಯೂ ಮಕ್ಕಳ ಪೋಷಣೆಗೆ ಹೊಣೆ. ಮಗು ವಿವಾಹದಲ್ಲಿ ಹುಟ್ಟಿದುದೇ, ವಿವಾಹದ ಹೊರಗೆ ಹುಟ್ಟಿದುದೇ ಎಂಬ ಭೇದವನ್ನು ಕಾಯಿದೆ ಎಣಿಸುವುದಿಲ್ಲ. ಹೆತ್ತವರ ತಪ್ಪಿಗೆ ಕೂಸು ಹಸಿಯಬಾರದೆಂಬುದು ಅದರ ಆಶಯ.

ಪೋಷಣೆಯೆಂದರೆ ಅನ್ನ, ಬಟ್ಟೆಗಳಷ್ಟೇ ಅಲ್ಲ. ವಾಸಕ್ಕೆ ಮನೆ, ವಿದ್ಯಾಭ್ಯಾಸ, ವೈದ್ಯಕೀಯ ಚಿಕಿತ್ಸೆ ಇವೂ ಅದರಲ್ಲಿ ಸೇರಿವೆ. ಮದುವೆಯಾಗದ ಮಗಳ ವಿಷಯದಲ್ಲಿ ಅವಳ ಮದುವೆಗೆ ತಗಲುವ ಯುಕ್ತವಾದ ವೆಚ್ಚವೂ ಸೇರಿದೆ. ವರದಕ್ಷಿಣೆ ಇದರಲ್ಲಿ ಸೇರದು; ಅದು ೧೯೬೧ರಿಂದಲೇ ಕಾಯಿದೆಯಂತೆ ಅಪರಾಧ.

ಇದಲ್ಲದೆ ಜಾತಿ ಮತಗಳ ಭೇದವಿಲ್ಲದೆ ಎಲ್ಲರಿಗೂ ತೆರೆದಿರುವ ಇನ್ನೊಂದು ಬಾಗಿಲು ಇದೆ. ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯ ೧೨೫ನೆಯ ಕಲಮು ಎಂದು ಎಲ್ಲರೂ ಕೇಳಿರುವುದು ಅದೇ. ೨೦೨೪ರ ಜುಲೈ ೧ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಕಲಮು ಬಂದಿದೆ. ತಿಂಗಳಿಗೆ ೫೦೦ ರೂಪಾಯಿಗಿಂತ ಹೆಚ್ಚು ಕೊಡಿಸಲಾಗದೆಂಬ ಹಳೆಯ ಮಿತಿ ೨೦೦೧ರಲ್ಲಿಯೇ ರದ್ದಾಯಿತು. ಈಗ ಕೊಡುವವರ ಶಕ್ತಿ, ಮಗುವಿನ ಅಗತ್ಯ ಇವೆರಡನ್ನೂ ತೂಗಿ ಮೊತ್ತವನ್ನು ನಿಶ್ಚಯಿಸುತ್ತಾರೆ.

ಹದಿನೆಂಟರ ಗೆರೆ

ಗಂಡುಮಗನ ವಿಷಯದಲ್ಲಿ ಕಾಯಿದೆಯ ಗೆರೆ ಸ್ಪಷ್ಟವಾಗಿದೆ. ಅವನಿಗೆ ೧೮ ವರ್ಷ ತುಂಬುವವರೆಗೆ ತಂದೆ ತಾಯಿಗಳಿಂದ ಪೋಷಣೆ ಕೇಳುವ ಹಕ್ಕು ಉಂಟು. ಹಿಂದೆ, ನ್ಯಾಯಾಲಯವು ಪೋಷಕರನ್ನು ನೇಮಿಸಿದ್ದ ಮಗುವಿಗೆ ೨೧ ವರ್ಷಕ್ಕೆ ಪ್ರಾಪ್ತ ವಯಸ್ಸೆಂಬ ನಿಯಮವಿತ್ತು. ೧೯೯೯ರ ತಿದ್ದುಪಡಿಯಿಂದ ಆ ಭೇದವೂ ಹೋಗಿ, ಎಲ್ಲರಿಗೂ ೧೮ ಎಂದಾಗಿದೆ. ಹಳೆಯ ನಿಯಮವನ್ನು ಕೇಳಿ ತಿಳಿದ ಹಿರಿಯರು ಇಂದಿಗೂ ೨೧ ಎಂದು ಹೇಳುವುದುಂಟು, ಅದು ಸರಿಯಲ್ಲ.

ಆದರೆ ೧೮ ವರ್ಷವೆಂದರೆ ಪಿ.ಯು.ಸಿ. ಮುಗಿಯುವ ವಯಸ್ಸು. ಓದುವ ಹುಡುಗನಿಗೆ ಹೆಚ್ಚಿನ ವೆಚ್ಚ ಆರಂಭವಾಗುವುದೇ ಅಲ್ಲಿಂದ. ಹೊಲದ ಕೆಲಸಕ್ಕೆ ಹದಿನೆಂಟರ ತೋಳು ಸಾಕು. ಇಂದಿನ ಉದ್ಯೋಗಗಳಿಗೆ ಸಾಲದು. ಈ ಕಷ್ಟವನ್ನು ನ್ಯಾಯಾಲಯಗಳೂ ಕಂಡಿವೆ. ೨೦೨೧ರ ಮಾರ್ಚ್ ತಿಂಗಳಲ್ಲಿ ನಮ್ಮ ರಾಜ್ಯದಿಂದ ಹೋದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ಕಾಲದಲ್ಲಿ ೧೮ ವರ್ಷದವರೆಗಿನ ನೆರವು ಸಾಲದೆಂದು ತಿಳಿಸಿ, ಮಗನು ಮೊದಲ ಪದವಿಯನ್ನು ಮುಗಿಸುವವರೆಗೆ ತಂದೆಯು ಹಣ ಕೊಡಬೇಕೆಂದಿತು. ಅದೇ ವರ್ಷ ದೆಹಲಿಯ ಉಚ್ಚ ನ್ಯಾಯಾಲಯವು, ಮಗನು ಪ್ರಾಪ್ತನಾದ ಮಾತ್ರಕ್ಕೆ ಅವನ ಓದಿನ ಭಾರವನ್ನೆಲ್ಲ ತಾಯಿಯೊಬ್ಬಳೇ ಹೊರಬೇಕೆನ್ನುವುದು ನ್ಯಾಯವಲ್ಲವೆಂದು ಅಭಿಪ್ರಾಯಪಟ್ಟು, ಅವನ ಪದವಿ ಮುಗಿಯುವವರೆಗೆ ಅಥವಾ ಅವನು ದುಡಿಯಲಾರಂಭಿಸುವವರೆಗೆ ತಾಯಿಗೆ ನೆರವು ಕೊಡಿಸಿತು.

ಇವು ಆಯಾ ಪ್ರಕರಣಗಳ ಸಂದರ್ಭ ನೋಡಿ ಕೊಟ್ಟ ಆದೇಶಗಳು. ಕಾಯಿದೆಯ ಅಕ್ಷರ ಮಾತ್ರ ಗಂಡುಮಗನಿಗೆ ಇಂದಿಗೂ ೧೮ ಎಂದೇ ಇದೆ. ಹಾಗಾಗಿ ಮಗನ ಓದಿನ ವೆಚ್ಚದ ವಿಚಾರವನ್ನು ಅವನಿಗೆ ೧೮ ತುಂಬುವ ಮೊದಲೇ ಮಾತಾಡಿ ಬರೆದಿಡುವುದು ಲೇಸು.

ಮಗಳ ವಿಷಯ

ಹೆಣ್ಣುಮಗಳಿಗೆ ಕಾಯಿದೆಯು ೧೮ಕ್ಕೆ ಬಾಗಿಲು ಮುಚ್ಚುವುದಿಲ್ಲ. ೧೯೫೬ರ ಕಾಯಿದೆಯ ೨೦ನೆಯ ಕಲಮಿನಂತೆ, ಮದುವೆಯಾಗದ ಮಗಳು ತನ್ನ ಗಳಿಕೆಯಿಂದ ಅಥವಾ ತನ್ನ ಸ್ವತ್ತಿನಿಂದ ಜೀವನ ಸಾಗಿಸಲಾರದಷ್ಟು ಕಾಲ ಹೆತ್ತವರ ಹೊಣೆ ನಿಲ್ಲುತ್ತದೆ. ಅವಳಿಗೆ ೧೯ ಆಗಿರಲಿ, ೨೯ ಆಗಿರಲಿ. ಎರಡು ಕಾರಣಗಳಿಂದ ಮಾತ್ರ ಅದು ಮುಗಿಯುವುದು: ಒಂದು, ಅವಳ ಮದುವೆ, ಇನ್ನೊಂದು, ಅವಳು ತನ್ನನ್ನು ತಾನು ಸಾಕಿಕೊಳ್ಳುವಂತಾಗುವುದು.

ಇಲ್ಲಿ ಯಾವ ಬಾಗಿಲನ್ನು ತಟ್ಟಬೇಕೆಂಬುದು ಮುಖ್ಯ. ೨೦೨೦ರ ಸೆಪ್ಟೆಂಬರ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಬಿಡಿಸಿ ಹೇಳಿದೆ. ಆರೋಗ್ಯವಂತಳಾದ ಪ್ರಾಪ್ತ ವಯಸ್ಸಿನ ಮಗಳಿಗೆ ದಂಡ ಪ್ರಕ್ರಿಯಾ ಸಂಹಿತೆಯ ೧೨೫ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರು ಜೀವನಾಂಶ ಕೊಡಿಸಲಾರರು; ಅವಳು ೧೯೫೬ರ ಕಾಯಿದೆಯ ೨೦ನೆಯ ಕಲಮಿನಡಿ ಕೇಳಬೇಕು, ತನ್ನನ್ನು ತಾನು ಸಾಕಿಕೊಳ್ಳಲಾರೆನೆಂಬುದನ್ನು ತೋರಿಸಬೇಕು. ಕೌಟುಂಬಿಕ ನ್ಯಾಯಾಲಯಕ್ಕೆ ಎರಡೂ ಬಗೆಯ ಅಧಿಕಾರ ಇರುವುದರಿಂದ, ಯುಕ್ತ ಪ್ರಸಂಗದಲ್ಲಿ ಅದು ಎರಡನ್ನೂ ಒಟ್ಟಿಗೆ ವಿಚಾರಿಸಬಹುದು. ಈ ಭೇದ ತಿಳಿಯದೆ ತಪ್ಪು ಬಾಗಿಲಲ್ಲಿ ವರ್ಷಗಟ್ಟಲೆ ನಿಂತವರು ಇದ್ದಾರೆ.

ಅಪ್ರಾಪ್ತ ವಯಸ್ಸಿನಲ್ಲಿ ಮದುವೆಯಾಗಿಬಿಟ್ಟ ಹುಡುಗಿಯ ಗತಿಯೇನು? ಬಾಲ್ಯವಿವಾಹ ಅಪರಾಧ, ಆದರೂ ನಡೆದುಹೋದ ಮನೆಗಳುಂಟು. ಅಂಥ ಹುಡುಗಿಯ ಗಂಡನಿಗೆ ಸಾಕುವ ಶಕ್ತಿ ಇಲ್ಲವೆಂದು ಕಂಡರೆ, ಅವಳು ಪ್ರಾಪ್ತಳಾಗುವವರೆಗೆ ತಂದೆಯೇ ಜೀವನಾಂಶ ಕೊಡಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. "ಮದುವೆ ಮಾಡಿಕೊಟ್ಟೆವು, ಭಾರ ಇಳಿಯಿತು" ಎಂದು ಎಳೆಯ ಮಗಳನ್ನು ಸಾಗಹಾಕಿದವರಿಗೆ ಭಾರ ಇಳಿದಿರುವುದಿಲ್ಲ.

ತನ್ನ ಕಾಲಮೇಲೆ ನಿಲ್ಲಲಾರದ ಮಗು

ಕೆಲವು ಮನೆಗಳಲ್ಲಿ ಈ ಹೊಣೆಗೆ ವಯಸ್ಸಿನ ಕೊನೆಯೇ ಇಲ್ಲ. ದೇಹದ ಅಥವಾ ಬುದ್ಧಿಯ ಊನದಿಂದಾಗಲಿ, ಪೆಟ್ಟಿನಿಂದಾಗಲಿ ತನ್ನ ಜೀವನವನ್ನು ತಾನು ನಡೆಸಲಾರದ ಮಗನಿಗೆ ಅಥವಾ ಮಗಳಿಗೆ ೧೮ ತುಂಬಿದರೂ ಹೆತ್ತವರಿಂದ ಜೀವನಾಂಶ ಪಡೆಯುವ ಹಕ್ಕು ೧೪೪ನೆಯ ಕಲಮಿನಲ್ಲಿ ಇದೆ. ವಿವಾಹಿತ ಮಗಳು ಮಾತ್ರ ಇದಕ್ಕೆ ಹೊರತು.

ಇಂಥ ಮಕ್ಕಳ ತಂದೆ ತಾಯಿಗಳು ತಿಳಿಯಬೇಕಾದ ಇನ್ನೊಂದು ಮಾತುಂಟು. ಮಗುವಿಗೆ ೧೮ ತುಂಬಿದ ದಿನ, ಕಾಯಿದೆಯ ಕಣ್ಣಿಗೆ ಅದು ಸ್ವತಂತ್ರ ವ್ಯಕ್ತಿ. ಅದರ ಪರವಾಗಿ ಸಹಿ ಮಾಡುವ ಅಧಿಕಾರ ಹೆತ್ತವರಿಗೆ ತಾನಾಗಿ ಮುಂದುವರಿಯದು. ಬುದ್ಧಿಮಾಂದ್ಯ, ಆಟಿಸಂ, ಮೆದುಳಿನ ಪಾರ್ಶ್ವವಾಯು, ಬಹುವಿಧ ಅಂಗವೈಕಲ್ಯ ಇರುವವರಿಗಾಗಿ ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಜಿಲ್ಲೆಗಳಲ್ಲಿ ಸ್ಥಳೀಯ ಸಮಿತಿಗಳಿವೆ. ಅಲ್ಲಿ ಅರ್ಜಿ ಸಲ್ಲಿಸಿ, ಪಾಲಕರಾಗಿ ನೇಮಕ ಹೊಂದಬೇಕು. ತಮ್ಮ ನಂತರ ಆ ಮಗುವನ್ನು ನೋಡಿಕೊಳ್ಳುವವರು ಯಾರೆಂಬುದನ್ನೂ ಜೀವಿತಕಾಲದಲ್ಲಿಯೇ ಗೊತ್ತುಮಾಡುವುದು ವಿವೇಕ.

ಯಾವುದರಿಂದ ಹೊಣೆ ಮುಗಿಯುವುದಿಲ್ಲ?

ಸಮಾಜದಲ್ಲಿ ಹರಡಿರುವ ಕೆಲವು ತಪ್ಪು ತಿಳುವಳಿಕೆಗಳನ್ನು ಇಲ್ಲಿ ತೆಗೆದುಹಾಕಬೇಕು.

ಒಪ್ಪಂದದ ಕಾಗದದಿಂದ ಮುಗಿಯುವುದಿಲ್ಲ. ಗಂಡ ಹೆಂಡಿರು ತಮ್ಮ ತಮ್ಮ ಹಕ್ಕುಗಳ ಬಗ್ಗೆ ಒಪ್ಪಿಕೊಳ್ಳಬಹುದು. ಮಗುವಿನ ಹಕ್ಕನ್ನು ಅದರ ಪರವಾಗಿ ಬಿಟ್ಟುಕೊಡಲಾಗದು. ಜೀವನಾಂಶದ ಮೊತ್ತವು ಡಿಕ್ರಿಯಿಂದ ಗೊತ್ತಾಗಿರಲಿ, ಒಪ್ಪಂದದಿಂದ ಗೊತ್ತಾಗಿರಲಿ, ಪರಿಸ್ಥಿತಿ ಬದಲಾದರೆ ಅದನ್ನು ಬದಲಿಸಬಹುದೆಂದು ೧೯೫೬ರ ಕಾಯಿದೆಯ ೨೫ನೆಯ ಕಲಮು ಹೇಳುತ್ತದೆ. ನಾವು ಸಾಕ್ಷಿ ಹಾಕಿದ ಕಾಗದ ಇಲ್ಲಿಯೇ ಬಿದ್ದುಹೋಯಿತು.

ಮರುಮದುವೆಯಿಂದ ಮುಗಿಯುವುದಿಲ್ಲ. ತಂದೆ ಮರುಮದುವೆಯಾಗಲಿ, ತಾಯಿ ಮರುಮದುವೆಯಾಗಲಿ, ಮೊದಲ ಮಗು ಮಗುವಾಗಿಯೇ ಉಳಿಯುತ್ತದೆ. ಹೊಸ ಸಂಸಾರದ ಭಾರವನ್ನು ನ್ಯಾಯಾಧೀಶರ ಮುಂದಿಟ್ಟು ಮೊತ್ತವನ್ನು ಕಡಿಮೆ ಮಾಡಿಸಿಕೊಳ್ಳಲು ಕೇಳಬಹುದು, ಹೊಣೆಯೇ ಇಲ್ಲವೆನ್ನಲಾಗದು.

ತಾಯಿ ದುಡಿಯುತ್ತಾಳೆಂಬುದರಿಂದ ತಂದೆಯ ಹೊಣೆ ಮುಗಿಯುವುದಿಲ್ಲ. ೨೦೦೦ದಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಬ್ಬರೂ ನೌಕರಿಯಲ್ಲಿದ್ದ ಒಂದು ಪ್ರಕರಣದಲ್ಲಿ, ಅವರವರ ವೇತನಕ್ಕೆ ತಕ್ಕಂತೆ ತಂದೆ ಎರಡು ಪಾಲು, ತಾಯಿ ಒಂದು ಪಾಲು ಕೊಡಬೇಕೆಂದು ವಿಧಿಸಿತು. ಹೊಣೆ ಇಬ್ಬರದು, ಪಾಲು ಶಕ್ತಿಗೆ ತಕ್ಕಂತೆ.

"ಮಗುವನ್ನು ನೋಡಲು ಬಿಡುವುದಿಲ್ಲ, ಅದಕ್ಕೆ ಹಣ ಕೊಡುವುದಿಲ್ಲ" ಎಂಬ ಮಾತನ್ನು ನಾವು ಬಹಳ ಕೇಳಿದ್ದೇವೆ. ನೋಡಲು ಬಿಡದಿದ್ದರೆ ಅದಕ್ಕೆ ಬೇರೆ ಅರ್ಜಿ ಇದೆ. ಮಗುವಿನ ಅನ್ನವನ್ನು ಒತ್ತೆಯಿಟ್ಟು ಜಗಳವಾಡುವುದು ತಂದೆಗೆ ಶೋಭಿಸದು.

ಸೆರೆವಾಸದಿಂದಲೂ ಬಾಕಿ ತೀರುವುದಿಲ್ಲ. ಆದೇಶವಾದ ಮೇಲೂ ಕೊಡದಿದ್ದರೆ, ಬಾಕಿಗಾಗಿ ಒಂದು ತಿಂಗಳವರೆಗೆ ಸೆರೆಗೆ ಕಳುಹಿಸುವ ಅಧಿಕಾರ ಉಂಟು. ಆದರೆ ಸೆರೆಯು ಹಣ ವಸೂಲಿಗೆ ಒಂದು ಒತ್ತಾಯವೇ ಹೊರತು ಹಣಕ್ಕೆ ಬದಲಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೧೯೮೮ರಷ್ಟು ಹಿಂದೆಯೇ ತೀರ್ಪಿತ್ತಿದೆ.

ಮಠದ ಉಚಿತ ಪ್ರಸಾದ ನಿಲಯಕ್ಕೆ ಸೇರಿಸಿದುದರಿಂದಲೂ ಮುಗಿಯುವುದಿಲ್ಲ. ತುಮಕೂರಿನ ಸಿದ್ಧಗಂಗೆಯೇ ಮೊದಲಾಗಿ ನಮ್ಮ ಮಠಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿವೆ. ನಾವೂ ಅಂಥ ಅನ್ನ ಉಂಡು ಬೆಳೆದವರೇ. ದಾಸೋಹವು ಇಲ್ಲದವರ ಮಕ್ಕಳಿಗಾಗಿ ಸಮಾಜ ಮಾಡುವ ಸೇವೆ. ಇದ್ದೂ ಕೊಡದ ತಂದೆಯ ಲೆಕ್ಕಕ್ಕೆ ಅದನ್ನು ಜಮಾ ಮಾಡಿಕೊಳ್ಳುವುದು ಸಲ್ಲದು.

ಮರಣದಿಂದಲೂ ಸಂಪೂರ್ಣ ಮುಗಿಯುವುದಿಲ್ಲ. ಸ್ವಂತ ಹೊಣೆ ಜೀವಿತಕಾಲದ್ದೇ. ಆದರೆ ತಂದೆಯು ಆಸ್ತಿಯನ್ನೆಲ್ಲ ಬೇರೆಯವರಿಗೆ ಮೃತ್ಯುಪತ್ರ ಬರೆದು ತೀರಿಕೊಂಡಿದ್ದರೆ, ಅದರಲ್ಲಿ ಯಾವ ಪಾಲೂ ದೊರೆಯದ ಅಪ್ರಾಪ್ತ ಮಗನು ಮತ್ತು ಮದುವೆಯಾಗದ ಮಗಳು ಆ ಆಸ್ತಿ ಪಡೆದವರಿಂದ ಪೋಷಣೆಯನ್ನು ಕೇಳಬಹುದು. ೧೯೫೬ರ ಕಾಯಿದೆಯ ೨೧ ಮತ್ತು ೨೨ನೆಯ ಕಲಮುಗಳು ಇದಕ್ಕಾಗಿಯೇ ಇವೆ.

ಒಂದು ಪ್ರಸಂಗದಲ್ಲಿ ಮಾತ್ರ ಹೆತ್ತವರ ಹೊಣೆ ವಯಸ್ಸಿಗೆ ಮೊದಲೇ ಮುಗಿಯುತ್ತದೆ. ಅದು ಕಾಯಿದೆಗೆ ಒಪ್ಪುವ ದತ್ತಕ. ದತ್ತು ಕೊಟ್ಟ ದಿನದಿಂದ ಮಗುವು ಪೋಷಣೆಯ ವಿಷಯದಲ್ಲಿಯೂ ಹೊಸ ಮನೆಯ ಮಗು. ಬಂಧುಗಳ ಮನೆಯಲ್ಲಿ ಸುಮ್ಮನೆ ಬಿಟ್ಟುಬರುವುದು ದತ್ತಕವಲ್ಲ.

ಮುಗಿಸುವ ಕ್ರಮ

ಹೊಣೆಯನ್ನು ನಿಷ್ಠೆಯಿಂದ ಹೊತ್ತವರಿಗೆ ಅದು ಮುಗಿಯುವ ದಿನವನ್ನು ಕೇಳುವ ಅಧಿಕಾರವೂ ಉಂಟು. ಹತ್ತು ಹದಿನೈದು ವರ್ಷ ತಪ್ಪದೆ ಕೊಟ್ಟ ತಂದೆಯು "ಇನ್ನೆಷ್ಟು ದಿನ?" ಎಂದರೆ ಅದು ಕಠೋರತೆಯಲ್ಲ. ಆದರೆ ಮುಗಿಸುವುದಕ್ಕೂ ಒಂದು ಕ್ರಮವಿದೆ.

ಒಂದು ಬೆಳಿಗ್ಗೆ ಕೊಡುವುದನ್ನು ನಿಲ್ಲಿಸಿಬಿಡುವುದು ಆ ಕ್ರಮವಲ್ಲ. ಆದೇಶದಲ್ಲಿ ಬರೆದಿರುವುದೇನೆಂಬುದನ್ನು ಮೊದಲು ಓದಬೇಕು. ಕೆಲವು ಆದೇಶಗಳಲ್ಲಿ "೧೮ ತುಂಬುವವರೆಗೆ" ಎಂದಿರುತ್ತದೆ. ಕೆಲವುಗಳಲ್ಲಿ "ಮದುವೆಯವರೆಗೆ" ಎಂದು. ಕೆಲವುಗಳಲ್ಲಿ ಏನೂ ಇರುವುದಿಲ್ಲ. ಮಗಳಿಗೆ ನೌಕರಿ ಸಿಕ್ಕಿದ್ದರೆ, ಕೊಡುವವರ ಉದ್ಯೋಗ ಹೋಗಿದ್ದರೆ, ಕಾಯಿಲೆ ಬಂದಿದ್ದರೆ, ಅದನ್ನು ತಿಳಿಸಿ ಆದೇಶವನ್ನು ಬದಲಿಸುವಂತೆ ಅರ್ಜಿ ಸಲ್ಲಿಸಬೇಕು. ಸಂಹಿತೆಯ ೧೪೬ನೆಯ ಕಲಮು, ೧೯೫೬ರ ಕಾಯಿದೆಯ ೨೫ನೆಯ ಕಲಮು ಇದಕ್ಕೆ ದಾರಿ ಮಾಡಿವೆ. ಅಲ್ಲಿಯವರೆಗೆ ಬಾಕಿ ಬೆಳೆಯುತ್ತಲೇ ಇರುತ್ತದೆ. ಮಗು ಪ್ರಾಪ್ತ ವಯಸ್ಸಿಗೆ ಬಂದಿತೆಂದು ಹಿಂದಿನ ಬಾಕಿ ಅಳಿಯುವುದಿಲ್ಲ. ಕೊಟ್ಟ ಹಣಕ್ಕೆ ದಾಖಲೆ ಇರಬೇಕು. ಕೈಯಲ್ಲಿ ಕೊಡುವುದಕ್ಕಿಂತ ಬ್ಯಾಂಕಿನ ಮೂಲಕ ಕಳುಹಿಸುವುದು ಇಬ್ಬರಿಗೂ ಕ್ಷೇಮ.

ಪಡೆಯುವವರೂ ಎಚ್ಚರದಿಂದಿರಬೇಕು. ಸಂಹಿತೆಯಡಿ ಬಾಕಿ ವಸೂಲಿಯ ವಾರಂಟಿಗಾಗಿ, ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. "ನಾಳೆ ಕೊಟ್ಟಾನು" ಎಂದು ಕಾದು ಕುಳಿತರೆ ಆ ದಾರಿ ಮುಚ್ಚುತ್ತದೆ. ಹೊಸದಾಗಿ ಕೇಳುವವರು ತಡಮಾಡಬಾರದು. ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದ ಕೊಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೨೦ರ ನವೆಂಬರ್ ತಿಂಗಳಲ್ಲಿ ನಿರ್ದೇಶಿಸಿದೆ. ಎರಡೂ ಕಡೆಯವರು ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರವನ್ನು ಸಲ್ಲಿಸಬೇಕೆಂಬುದೂ ಅದೇ ತೀರ್ಪಿನಲ್ಲಿದೆ.

ವಕೀಲರ ವೆಚ್ಚಕ್ಕೆ ಹೆದರಬೇಕಾಗಿಲ್ಲ. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ದೂರವಾಣಿಯಲ್ಲಿ ೧೫೧೦೦ ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲೇ ರಾಜಿಯಾಗುವ ಮನಸ್ಸಿದ್ದರೆ ಲೋಕ ಅದಾಲತ್ತಿನಲ್ಲಿ ಅದನ್ನು ದಾಖಲಿಸಬಹುದು. ಅಲ್ಲಿಯ ತೀರ್ಮಾನಕ್ಕೆ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ.

ಎರಡನೆಯ ಕಾಗದ

ಇಷ್ಟನ್ನು ತಿಳಿದುಕೊಂಡ ಮೇಲೆ ನಾವು ಆ ಹುಡುಗಿಯ ತಂದೆಯನ್ನು ಕಾಣಲು ಹೋದೆವು. ನೆರೆಯ ತಾಲ್ಲೂಕಿನಲ್ಲಿ ಆತನದು ಸಣ್ಣ ಕಿರಾಣಿ ಅಂಗಡಿ. ಎರಡನೆಯ ಸಂಸಾರದಲ್ಲಿ ಇಬ್ಬರು ಗಂಡುಮಕ್ಕಳು, ಇಬ್ಬರೂ ಶಾಲೆಗೆ ಹೋಗುವವರು. ನಾವು ವಿಷಯವನ್ನು ತಿಳಿಸಿದಾಗ ಆತನು ಸಿಟ್ಟಾಗಲಿಲ್ಲ. "ಗುರುಗಳ, ಅದು ನೀವ ಕುಂತು ಬರಸಿದ ಕಾಗದ. ನೀವು ಮುಗೀತು ಅಂದ್ರಿ, ನಾ ಮುಗೀತು ಅಂತ ತಿಳಕೊಂಡೆ," ಎಂದನು.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ದಿನ ಜಗಳವನ್ನು ಬೇಗ ಮುಗಿಸುವ ಆತುರದಲ್ಲಿ ಹಿರಿಯರೆನಿಸಿಕೊಂಡ ನಾವು, ಗಂಡ ಹೆಂಡಿರ ಲೆಕ್ಕದ ಜೊತೆಗೆ ಮಗುವಿನ ಲೆಕ್ಕವನ್ನೂ ಕಟ್ಟಿ ಮುಚ್ಚಿಬಿಟ್ಟಿದ್ದೆವು. ನಮ್ಮ ಸಹಿಯನ್ನು ನಂಬಿ ಒಬ್ಬ ತಂದೆ ೧೫ ವರ್ಷ ಮಗಳಿಂದ ದೂರ ಉಳಿದನು. ಒಬ್ಬ ತಾಯಿ ಕೇಳಬಹುದಾದುದನ್ನು ಕೇಳದೆ ರಾತ್ರಿಯೆಲ್ಲ ಹೊಲಿಗೆಯ ಯಂತ್ರ ತುಳಿದಳು. ತಪ್ಪು ನಮ್ಮದೆಂದು ಆತನ ಅಂಗಡಿಯಲ್ಲಿಯೇ ಒಪ್ಪಿಕೊಂಡೆವು. ಹಳೆಯ ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡಲಾರರು. ತಾಯಿಯೂ ಅವನ್ನು ಕೇಳಲಿಲ್ಲ.

ಎರಡು ಬೈಠಕ್ಕುಗಳಾದವು. ಈ ಸಲ ಹುಡುಗಿಯೂ ಕುಳಿತಳು. ಅವಳು ಈಗ ಪ್ರಾಪ್ತಳು, ತನ್ನ ಮಾತನ್ನು ತಾನೇ ಆಡಬಲ್ಲವಳು. ನಾಲ್ಕೂ ವರ್ಷ ಕಾಲೇಜಿನ ಶುಲ್ಕವನ್ನು ತಂದೆಯು ವರ್ಷದ ಆರಂಭದಲ್ಲಿ ಮಗಳ ಬ್ಯಾಂಕ್ ಖಾತೆಗೆ ಕಟ್ಟುವುದು. ಊಟ, ವಸತಿಗಳ ವೆಚ್ಚ ತಾಯಿಯದು. ಓದು ಮುಗಿದು ನೌಕರಿಗೆ ಸೇರುವ ದಿನ, ಅಥವಾ ಓದು ಮುಗಿದು ಒಂದು ವರ್ಷವಾಗುವ ದಿನ, ಇವುಗಳಲ್ಲಿ ಯಾವುದು ಮೊದಲೋ ಅಂದಿಗೆ ಈ ಏರ್ಪಾಡು ಮುಗಿಯುವುದು. ಮದುವೆಯ ವೆಚ್ಚದ ಮಾತು ಇದರಲ್ಲಿ ಸೇರಿಲ್ಲವೆಂಬುದನ್ನೂ ಬರೆದರು. ಆತನ ಎರಡನೆಯ ಹೆಂಡತಿಯೂ ಬಂದಿದ್ದಳು. "ಕೊಡೂದು ಎಷ್ಟು, ಯಾವಾಗಿನ ತನಕ ಅಂತ ಗೊತ್ತಾತಲ್ಲ, ಸಾಕ್ರಿ," ಎಂದಳು. ಮುಗಿಯುವ ದಿನವು ಗೊತ್ತಿಲ್ಲದ ಹೊಣೆಗೇ ಮನೆಗಳು ಹೆಚ್ಚು ಅಂಜುತ್ತವೆಂಬುದು ಆಕೆಯ ಮಾತಿನಿಂದ ನಮಗೆ ತಿಳಿಯಿತು.

ಲೋಕ ಅದಾಲತ್ತಿನಲ್ಲಿ ಅದು ದಾಖಲಾಯಿತು. ಮೊದಲು ಸಹಿ ಮಾಡಿದವಳು ಮಗಳು. ತಂದೆಯು ಕನ್ನಡಕ ಹಾಕಿಕೊಂಡು ಆ ಸಹಿಯನ್ನು ಬಹಳ ಹೊತ್ತು ನೋಡಿದನು. ಮಗಳ ಕೈಬರಹವನ್ನು ಆತನು ಅದುವರೆಗೆ ಕಂಡಿರಲಿಲ್ಲ.

ಬಂಧುಗಳೇ, ಇಂದು ಕಾಯಿದೆಗಳು ಎಷ್ಟಿದ್ದರೂ ನಮ್ಮ ಹಳ್ಳಿ ಪಟ್ಟಣಗಳಲ್ಲಿ ಸಂಸಾರದ ವ್ಯಾಜ್ಯಗಳು ಮೊದಲು ಬರುವುದು ಹಿರಿಯರ ಮುಂದೆಯೇ. ನೀವು ಅಂಥ ಬೈಠಕ್ಕಿನಲ್ಲಿ ಕುಳಿತಾಗ ಮಗುವಿನ ಹಕ್ಕು ಬಿಟ್ಟಿದೆ ಎಂಬ ಸಾಲನ್ನು ಬರೆಯಿಸಬೇಡಿ. ಯಾರಾದರೂ ಬರೆದು ತಂದರೆ ಸಾಕ್ಷಿ ಹಾಕಬೇಡಿ. ಮಗನಾದರೆ ಅವನ ಓದು ಎಲ್ಲಿಯವರೆಗೆ, ಮಗಳಾದರೆ ಅವಳು ನೆಲೆ ನಿಲ್ಲುವುದು ಎಂದು, ಊನವುಳ್ಳ ಮಗುವಾದರೆ ಹೆತ್ತವರ ನಂತರ ಯಾರು ಎಂಬುದನ್ನು ಕೇಳಿ ಬರೆಯಿಸಿ. ಈಗಾಗಲೇ ಹಳೆಯ ಕಾಗದವೊಂದು ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಅದನ್ನು ಇಂದೇ ತೆಗೆದು ಓದಿರಿ.